ಬಿಚ್ಚಿ ನೋಡದ ಗೂಡು

ಮುಂಡಗೋಡು,
ಗೂಡುವರ್ಷ ೧೬೪, ಎರಡನೇ ಬೇಸಿಗೆಯ ನಲವತ್ತೊಂದನೇ ದಿನ

ಪೂಜ್ಯರಾದ ರೆಮೇತಿ ಸಿದ್ದಿ, ಪಲ್ದೆನ್ ಮತ್ತು ಸೀತ್ಲಿಬಾಯಿ ಅವರಿಗೆ,

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಲೆಕ್ಕದಲ್ಲಿ ಇದು ೨೧೯೧. ನಮಗೀಗ ವರ್ಷಕ್ಕೆ ಎರಡು ಬೇಸಿಗೆ, ನಡುವೆ ಹೆಸರಿಗೊಂದು ಮಳೆಗಾಲ. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾಲ್ಕು ಕೇರಿಗಳ ಮಾತು ಕಲಸಿ ಬಂದ ಕನ್ನಡ ಇದು. ನನ್ನ ಹೆಸರು ಜೈತುನ್‌ಬಿ. ನಿಮಗೆ ನನ್ನ ಗುರುತಿಲ್ಲ, ಆದರೆ ನನ್ನ ಅಜ್ಜನ ಅಜ್ಜನನ್ನು ಚೆನ್ನಾಗಿ ಬಲ್ಲಿರಿ. ನಿಮ್ಮ ಮೂವರ ಮನೆಗಳ ನಡುವೆ ಟಂಟಂ ಆಟೊ ಓಡಿಸುತ್ತಿದ್ದ ಮೌಲಾಲಿ ಅವನು. ಸ್ಥಾಪಕರ ಕಲ್ಲಿನ ಮೇಲೆ ನಿಮ್ಮ ಮೂವರ ಹೆಸರಿದೆ, ಅವನದಿಲ್ಲ. ಇರಲಿ, ಆ ಜಗಳ ತೆಗೆಯಲು ಇವತ್ತು ಕೂತಿಲ್ಲ.

ನಮ್ಮಲ್ಲಿ ಹಿಂದೋಲೆ ಎಂಬ ಪದ್ಧತಿಯಿದೆ. ಸ್ಥಾಪಕರ ನಿಯಮದ ಮೇಲೆ ತಕರಾರು ಇದ್ದವರು ಸ್ಥಾಪಕರಿಗೇ ಪತ್ರ ಬರೆದು ಅದನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದಿದ ಮೇಲೆ ಅದು ನಿಮಗೆ ತಲುಪುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹೇಗೆ ತಲುಪುತ್ತದೆ ಎಂದು ಕೇಳಿದರೆ ಕೆಮ್ಮುತ್ತಾರೆ. ಸಭೆ ನಾಳೆ ಬೆಳಿಗ್ಗೆ. ಅಕ್ಷರ ಅಲ್ಲಲ್ಲಿ ಕಲಸಿದ್ದರೆ ಬೇಸಿಗೆಯನ್ನು ಬೈಯಬೇಡಿ. ಹೆದರಿಕೆಗೆ ಕೈ ಬೆವರುತ್ತಿದೆ.

ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ. ನೀವು ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಕೂತು ಶುರು ಮಾಡಿದ ತಂಪುಗೂಡು ಈಗ ಈ ಸೀಮೆಯ ಉಸಿರು. ಬಿದಿರಿನ ಅದೇ ಪೆಟ್ಟಿಗೆ, ಒಳಗೆ ಮಂಜುಗಡ್ಡೆ, ಕರೆಂಟು ಬೇಡ, ನಾಲ್ಕು ದಿನ ಔಷಧ ಕೆಡುವುದಿಲ್ಲ. ರೆಮೇತಿಯವರ ಮನೆತನ ಇವತ್ತಿಗೂ ಪೆಟ್ಟಿಗೆ ಕಟ್ಟಿ ಕೌದಿಯ ಹೊದಿಕೆ ಹೊಲಿಯುತ್ತದೆ, ಪಲ್ದೆನ್ ಅವರ ಮನೆತನ ಹೊದಿಕೆಯೊಳಗೆ ಬಡಿದ ಉಣ್ಣೆ ತುಂಬುತ್ತದೆ, ಸೀತ್ಲಿಬಾಯಿಯವರ ಕಡೆಯವರು ಹೊದಿಕೆಯ ಬಾಯಿ ಹೊಲಿದು ಬಿಸಿಲು ತಿರುಗಿಸುವ ಕನ್ನಡಿಗಳನ್ನು ಕೂರಿಸುತ್ತಾರೆ. ಯಾವ ಕಾರ್ಖಾನೆಯೂ ಇಡೀ ಗೂಡನ್ನು ತಾನೊಂದೇ ಮಾಡಬಾರದು, ಒಂದು ಕೆಲಸವನ್ನಾದರೂ ಬೇರೆ ಕೇರಿಯವರಿಗೆ ಬಿಡಬೇಕು ಎಂಬ ನಿಮ್ಮ ಮೊದಲ ನಿಯಮವನ್ನು ನಾವು ಬಿಟ್ಟಗೆಲಸ ಎನ್ನುತ್ತೇವೆ. ಅದರಿಂದಲೇ ಇನ್ನೂರು ಚಿಕ್ಕ ಕಾರ್ಖಾನೆಗಳು ಎದ್ದವು. ಬಿದಿರು ಬೆಳೆಯುವವರು, ಕನ್ನಡಿ ಕತ್ತರಿಸುವವರು, ಮಂಜು ಕಟ್ಟುವವರು, ಹಳೇ ಗೂಡು ರಿಪೇರಿ ಮಾಡುವವರು, ಎಲ್ಲರೂ ಒಬ್ಬರ ಬಾಗಿಲಿಗೆ ಒಬ್ಬರು ಹೋಗಲೇಬೇಕು. ಬೆಳಗಾದರೆ ಲಂಬಾಣಿ ಮಕ್ಕಳು ಮೊಮೊವನ್ನು ಸಾರಿನಲ್ಲಿ ಅದ್ದಿ ತಿನ್ನುತ್ತವೆ, ಟಿಬೆಟನ್ ಕ್ಯಾಂಪಿನ ಅಜ್ಜಿಯರು ಜೋಳದ ರೊಟ್ಟಿ ಬಡಿಯುತ್ತಾರೆ. ನಾವು ಮೌಲಾಲಿಯ ಕಡೆಯವರು ದಾಟುಗಾರರು. ಗೂಡನ್ನು ಒಂದು ಕೇರಿಯಿಂದ ಇನ್ನೊಂದಕ್ಕೆ ದಾಟಿಸುವುದು ನಮ್ಮ ಹಕ್ಕು. ಮೂವತ್ತೆಂಟು ವರ್ಷ ಅದನ್ನೇ ಮಾಡಿದ್ದೇನೆ. ಬರುವ ತಿಂಗಳು ಮಗಳು ಶಮೀಮಳಿಗೆ ಒಪ್ಪಿಸುವವಳಿದ್ದೆ.

ನನ್ನ ತಕರಾರು ನಿಮ್ಮ ಎರಡನೇ ನಿಯಮದ ಮೇಲೆ. ಬೇರೆಯವರು ಮಾಡಿದ ಕೆಲಸವನ್ನು ಬಿಚ್ಚಿ ನೋಡಬಾರದು.

ಹೋದ ಬೇಸಿಗೆಯಲ್ಲಿ ಪಲ್ದೆನ್ ಅವರ ಮನೆತನದ ಉಣ್ಣೆಮನೆಯ ಅಂಗಳದಲ್ಲಿ ನಲವತ್ತು ಗೂಡು ಇಳಿಸಿದೆ. ಪದ್ಧತಿಯಂತೆ ನಾಲ್ಕನೇ ದಿನ ಎತ್ತಿಕೊಳ್ಳಲು ಹೋದೆ. ಯಾರೂ ಕಾಣಲಿಲ್ಲ. ಹೊಸ್ತಿಲ ಬಳಿ ಉಣ್ಣೆ ಬಾಚುವ ದೊಡ್ಡ ಬಾಚಣಿಗೆಯನ್ನು ಬೋರಲು ಹಾಕಿದ್ದರು. ತೊಳೆದು ಬಿಸಿಲಿಗೆ ಇಟ್ಟಿರಬೇಕು ಎಂದುಕೊಂಡೆ. ಗೂಡು ಎತ್ತಿದೆ. ಹಗುರವಾಗಿತ್ತು. ಎರಡನೆಯದೂ ಹಗುರ. ಕೌದಿಯ ಬಾಯಿಗೆ ಎರಡೇ ಎರಡು ಗುಂಡಿ, ಬಿಚ್ಚಿ ಕೈ ಹಾಕಿದ್ದರೆ ಗೊತ್ತಾಗುತ್ತಿತ್ತು. ಹಾಕಲಿಲ್ಲ. ಯಾರಾದರೂ ನೋಡಿದರೆ ಉಣ್ಣೆಮನೆಯ ಮೇಲೆ ನನಗೆ ಅನುಮಾನ ಎಂದು ಊರೆಲ್ಲ ಆಡಿಕೊಳ್ಳುತ್ತಿತ್ತು. ನೇರವಾಗಿ ಕನ್ನಡಿಮನೆಗೆ ಒಯ್ದೆ. ಅಲ್ಲಿನ ಯಜಮಾನ ರೂಪ್ಲಾ ಒಂದನ್ನು ಎತ್ತಿ ನೋಡಿ ಹುಬ್ಬು ಏರಿಸಿದ.

"ಭಾಳ ಹಗುರ ಅದಾವಲ್ಲ, ಜೈತುನಕ್ಕ?"

"ಅವ್ರ ಕೆಲಸ ಅವ್ರಿಗಿ ಬಿಡೋ ಮಾರಾಯ," ಎಂದೆ. ನಿಮ್ಮ ಕಲ್ಲಿನ ಮೇಲಿರುವ ಮಾತು ಅದು. ಅವನು ತಲೆಯಾಡಿಸಿ ಬಾಯಿ ಹೊಲಿದು ಕನ್ನಡಿ ಕೂರಿಸಿದ.

ಗೂಡುಗಳು ಕರಾವಳಿಗೆ ಹಾವಿನ ವಿಷದ ಔಷಧ ಹೊತ್ತು ಹೋದವು. ಮೂರನೇ ದಿನಕ್ಕೆ ಒಳಗೆ ಬಿಸಿನೀರು. ಔಷಧ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ, ಕೊಟ್ಟರು. ಬೊಮ್ಮಿ ಎಂಬ ಮೀನು ಮಾರುವ ಹೆಂಗಸು, ಮೂವತ್ತನಾಲ್ಕು ವರ್ಷ, ಸತ್ತಳು. ನಾನು ಅವಳನ್ನು ನೋಡಿಲ್ಲ. ಆದರೂ ಬುಟ್ಟಿ ಹೊತ್ತ ಯಾವ ಹೆಂಗಸು ಎದುರಿಗೆ ಬಂದರೂ ಗಾಡಿ ನಿಲ್ಲಿಸಿ ದಾರಿ ಬಿಡುತ್ತೇನೆ.

ಆಮೇಲೆ ತಿಳಿಯಿತು. ಉಣ್ಣೆಮನೆಯ ಯಾಂಗ್ಜೊಮಳ ತಾಯಿ ಕ್ಯಾಂಪಿನ ಆಚೆ ತುದಿಯಲ್ಲಿ ತೀರಿಕೊಂಡಿದ್ದರು. ಉಣ್ಣೆ ತುಂಬುವ ಕೆಲಸ ನಿಂತಿತ್ತು. ಸಾವಾದಾಗ ಬಾಚಣಿಗೆ ಬೋರಲು ಹಾಕುವುದು ಆ ಮನೆತನದ ರೂಢಿಯಂತೆ. ನೂರಾ ಅರವತ್ತನಾಲ್ಕು ವರ್ಷ ಒಂದೇ ಗೂಡು ಕಟ್ಟಿದ ನಮಗೆ, ಅವರ ಮೊಮೊ ತಿಂದು ಬೆಳೆದ ನಮಗೆ, ಅದು ಗೊತ್ತಿರಲಿಲ್ಲ. ಕ್ಷಮೆ ಕೇಳಲು ಹೋದಾಗ ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬಾಚಣಿಗಿ ನೋಡಿ ಯಾರರ ಒಳಗ ಬರ್ತೀರಿ ಅನ್ಕೊಂಡಿದ್ದೆ ಅಕ್ಕಾ," ಎಂದಳು. "ಒಳಗ ಒಬ್ಬಾಕಿನ ಕುಂತಿದ್ದೆ, ಅಂಗಳದಾಗ ನಿನ್ನ ಸಪ್ಪಳ ಕೇಳಿಸ್ತು. ನೀ ಗೂಡು ತಗೊಂಡು ಹ್ವಾದಿ."

ನಾಳೆಯ ಸಭೆಯ ಮುಂದೆ ಎರಡು ಠರಾವುಗಳಿವೆ. ಒಂದು, ಯಾಂಗ್ಜೊಮಳ ಮನೆಯನ್ನು ಗೂಡು ಮಾಡುವವರ ಕೂಟದಿಂದ ಹೊರಗೆ ಹಾಕುವುದು. ಇನ್ನೊಂದು, ಬಿಟ್ಟಗೆಲಸವನ್ನೇ ಎತ್ತಿಬಿಡುವುದು, ಪ್ರತಿ ಕೇರಿಯೂ ಇಡೀ ಗೂಡನ್ನು ತಾನೇ ಮಾಡಿಕೊಳ್ಳುವುದು. ಈಗಾಗಲೇ ಕೌದಿಮನೆಯವರು ಗುಟ್ಟಾಗಿ ಉಣ್ಣೆ ತರಿಸಿದ್ದಾರೆ. ಕನ್ನಡಿಮನೆಯ ಹಿತ್ತಿಲಲ್ಲಿ ಬಿದಿರು ಬಂದು ಬಿದ್ದಿದೆ. ನಾಲ್ಕು ಕೇರಿಯ ಮಕ್ಕಳು ಇನ್ನು ಯಾರ ಬಾಗಿಲಿಗೆ ಯಾಕೆ ಹೋಗಬೇಕು? ರೂಪ್ಲಾನಿಗೆ ಆ ದಿನದ್ದು ಏನೂ ನೆನಪಿಲ್ಲವಂತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಯಾಂಗ್ಜೊಮ್ ಬಾಯಿ ಬಿಡುವುದಿಲ್ಲ, ತಪ್ಪು ತನ್ನದೇ ಎಂದು ಕೂತಿದ್ದಾಳೆ. ಗೂಡು ಹಗುರವಾಗಿತ್ತು ಎಂದು ಹೇಳಬಲ್ಲವಳು ನಾನೊಬ್ಬಳೇ. ಗೊತ್ತಿದ್ದೂ ದಾಟಿಸಿದ ದಾಟುಗಾರ್ತಿಯ ಇಡೀ ಮನೆತನ ಆ ಹಕ್ಕು ಕಳೆದುಕೊಳ್ಳುತ್ತದೆ, ಅದೂ ನಿಯಮವೇ. ಶಮೀಮಳಿಗೆ ಇನ್ನೂ ಹೇಳಿಲ್ಲ. ಅವಳು ಇವತ್ತು ಗಾಡಿಗೆ ಹೊಸ ಬಣ್ಣ ಬಳಿಯುತ್ತಿದ್ದಾಳೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಕಲ್ಲಿನ ಮೇಲಿರುವ ಕಥೆ ಚಿಕ್ಕದು. ಮೊದಲ ಹತ್ತು ಗೂಡು ಕ್ಯಾಂಟೀನಿನ ಮೇಜಿನ ಮೇಲಿದ್ದವು, ರೆಮೇತಿಯವರು ಕತ್ತರಿ ತೆಗೆದು ಒಂದರ ಹೊಲಿಗೆ ಬಿಚ್ಚಿದರು, ಪಲ್ದೆನ್ ಅವಮಾನವಾಗಿ ಎದ್ದು ನಿಂತರು, ಕೂಟ ಅಲ್ಲೇ ಮುರಿಯುವುದರಲ್ಲಿತ್ತು. ಆಗ ಸೀತ್ಲಿಬಾಯಿ, "ನಿನ್ನ ಕೆಲಸ ನೀ ನೋಡ್ಕೊ, ಅವ್ರ ಕೆಲಸ ಅವ್ರಿಗಿ ಬಿಡು," ಎಂದು ಕತ್ತರಿ ಕಸಿದುಕೊಂಡರು. ಆ ಕತ್ತರಿ ಸಭಾಭವನದ ಗಾಜಿನ ಪೆಟ್ಟಿಗೆಯಲ್ಲಿದೆ. ವರ್ಷಕ್ಕೊಮ್ಮೆ ಹೂ ಏರಿಸುತ್ತೇವೆ. ತುಕ್ಕು ಹಿಡಿದಿದೆ.

ಆದರೆ ಬಾಗಿಲ ಬಳಿ ನಿಂತಿದ್ದ ಮೌಲಾಲಿ ಉಳಿದದ್ದನ್ನೂ ನೋಡಿದ್ದ. ನಮ್ಮ ಮನೆಯಲ್ಲಿ ಅದು ಬಾಯಿಂದ ಬಾಯಿಗೆ ಬಂದಿದೆ. ಬಿಚ್ಚಿದ ಗೂಡಿನೊಳಗಿನ ಉಣ್ಣೆಗೆ ನುಸಿ ಹಿಡಿದಿತ್ತು. ಪಲ್ದೆನ್ ಅವರಿಗೆ ಅದು ತಿಳಿದಿರಲಿಲ್ಲ. ತಿಳಿದ ಮೇಲೆ ಯಾರಿಗೂ ಹೇಳದೆ ಮೌಲಾಲಿಯ ಟಂಟಂನಲ್ಲಿ ಹತ್ತನ್ನೂ ವಾಪಸು ಒಯ್ದು ಹೊಸ ಉಣ್ಣೆ ತುಂಬಿ ತಂದರು. ರೆಮೇತಿಯವರು ಬಿಚ್ಚಿದ್ದರಿಂದಲೇ ನಿಮ್ಮ ಮೊದಲ ಗೂಡು ತಂಪಾಗಿ ಉಳಿಯಿತು. ಅದನ್ನು ಕಲ್ಲಿನ ಮೇಲೆ ಯಾರೂ ಕೆತ್ತಿಸಲಿಲ್ಲ. ಮರ್ಯಾದೆಗೆ ಅಂಜಿ ಮೂವರೂ ಸುಮ್ಮನಾದಿರಿ. ನಿಮ್ಮ ಮೇಲೆ ನನಗೆ ಗೌರವವಿದೆ, ಆದರೆ ಇದಕ್ಕಾಗಿ ಸಿಟ್ಟೂ ಇದೆ. ಬೇರೆ ಬೇರೆ ಕೇರಿಯಿಂದ ಬಂದು ಒಂದು ಕೂಟ ಕಟ್ಟಿದಿರಿ, ಒಬ್ಬರ ಮನೆಯೊಳಗೆ ಒಬ್ಬರು ಕಾಲಿಡುವುದನ್ನು ಮಾತ್ರ ನಮಗೆ ಕಲಿಸಲಿಲ್ಲ. ನಾವು ಅಂಗಳದಿಂದಲೇ ನಮಸ್ಕಾರ ಮಾಡುತ್ತ ಬದುಕಿಬಿಟ್ಟೆವು.

ನಾಳೆ ಈ ಪತ್ರವನ್ನು ಪೂರ್ತಿ ಓದುತ್ತೇನೆ, ಹಗುರವಾಗಿತ್ತು ಎಂಬ ಮಾತನ್ನೂ ಸೇರಿಸಿ. ಓದಿ ಮುಗಿಸಿ ಗಾಜಿನ ಪೆಟ್ಟಿಗೆಯಿಂದ ಕತ್ತರಿ ತೆಗೆದು ಯಾಂಗ್ಜೊಮಳ ಕೈಗೆ ಕೊಡುವವಳಿದ್ದೇನೆ. ಯಾರ ಹೊಲಿಗೆ ಬೇಕಾದರೂ ಬಿಚ್ಚಲಿ. ಎರಡನೇ ನಿಯಮ ಹೋಗಲಿ, ಬಿಟ್ಟಗೆಲಸ ಉಳಿಯಲಿ.

ಒಂದು ವೇಳೆ ಪತ್ರ ನಿಮಗೆ ಸಮಯಕ್ಕೆ ತಲುಪಿದರೆ, ನನ್ನ ಬೇಡಿಕೆ ಇಷ್ಟೇ. ಸೀತ್ಲಿಬಾಯಿ, ನೀವು ಇನ್ನೂ ಆ ಮೇಜಿನ ಮುಂದೆಯೇ ಕೂತಿದ್ದರೆ, ಕತ್ತರಿ ಮುಟ್ಟಬೇಡಿ. ಅವರಿಬ್ಬರೂ ಜಗಳಾಡಲಿ, ಕೂಗಾಡಲಿ, ಕ್ಯಾಂಟೀನಿನವರೆಲ್ಲ ತಿರುಗಿ ನೋಡಲಿ. ನೀವು ಚಹಾ ಕುಡಿಯುತ್ತಿರಿ. ಜಗಳ ಮುಗಿದ ಮೇಲೆ ಬಾಗಿಲಲ್ಲಿ ನಿಂತ ಟಂಟಂನವನನ್ನೂ ಒಳಗೆ ಕರೆದು ಒಂದು ಕಪ್ ಚಹಾ ಕೊಡಿ.

ಇಂತು,
ದಾಟುಗಾರ್ತಿ ಜೈತುನ್‌ಬಿ
(ನಾಳೆ ಬೆಳಿಗ್ಗೆಯವರೆಗೆ)