ಅಣ್ಣ ಬರೆದಿಟ್ಟ ಪದಗಳು

ಬಶೀರಾಬಾದ್, ನವೆಂಬರ್ ೧೮, ಮಂಗಳವಾರ

ಇವತ್ತಿನ ನನ್ನ ತಪ್ಪು ಅವ್ವನಿಗೆ ಗೊತ್ತಾಗಲಿಲ್ಲ. ಅದೇ ಕೊರೆಯುತ್ತಿದೆ.

ಕಂಪ್ಯೂಟರ್ ತೀರಾ ನಿಧಾನವಾಗಿತ್ತು. ಮಧ್ಯಾಹ್ನ ಕೂತು ಬೇಡವೆನಿಸಿದ ಪ್ರೋಗ್ರಾಮ್‌ಗಳನ್ನೆಲ್ಲ ತೆಗೆದುಹಾಕಿದೆ. ಅದರಲ್ಲಿ ಹಳೆಯ ಕನ್ನಡ ಟೈಪಿಂಗ್ ಪ್ರೋಗ್ರಾಮೂ ಹೋಯಿತು. ನಾನು ಕನ್ನಡ ಬರೆಯುವುದು ಈ ಡೈರಿಯಲ್ಲಿ ಮಾತ್ರ, ಅದೂ ಪೆನ್ನಿನಲ್ಲಿ; ತೆಲಂಗಾಣದ ಈ ಊರಲ್ಲಿ ಆಫೀಸಿನ ಕೆಲಸವೆಲ್ಲ ತೆಲುಗಿನದು. ಇದಿನ್ನು ಯಾರಿಗೆ ಬೇಕು ಅಂದುಕೊಂಡೆ.

ಸಂಜೆ ಅವ್ವ ಪಕ್ಕದಲ್ಲಿ ಬಂದು ಕೂತಳು. "ಮೈಲಾರಿ ಬರದದ್ದು ತಗಿಯಪ್ಪಾ, ನೋಡತೀನಿ" ಎಂದಳು. ಉಣ್ಣೆ ನೂಲುತ್ತ ಅವಳು ಹಾಡುತ್ತಿದ್ದ ಪದಗಳನ್ನು ಅಣ್ಣ ಮೈಲಾರಿ, ತೀರಿಕೊಳ್ಳುವ ಹಿಂದಿನ ವರ್ಷ, ಆ ಪ್ರೋಗ್ರಾಮಿನಲ್ಲೇ ಟೈಪ್ ಮಾಡಿಟ್ಟಿದ್ದ. ಫೈಲ್ ತೆರೆದೆ. ಪ್ರೋಗ್ರಾಮಿನ ಜೊತೆ ಅದರ ಫಾಂಟೂ ಹೋಗಿತ್ತು; ಕನ್ನಡದ ಒಂದಕ್ಷರವೂ ಇಲ್ಲ. ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಆಮೇಲೆ ಅವ್ವ ಮಲಗಿದ ಮೇಲೆ ಎಷ್ಟು ಹುಡುಕಿದರೂ ಆ ಹಳೆಯ ಪ್ರೋಗ್ರಾಮ್ ಎಲ್ಲೂ ಸಿಗಲಿಲ್ಲ.

ಅವ್ವನಿಗೆ ಓದು ಬಾರದು. ಎಂದಿನಂತೆ ಆ ಸಾಲುಗಳ ಮೇಲೆ ಬೆರಳಾಡಿಸುತ್ತ, ಒಂದು ಪದವನ್ನು ಮೊದಲಿಂದ ಕೊನೆಯವರೆಗೆ ಮೆಲ್ಲಗೆ ಹಾಡಿಕೊಂಡಳು. ಮುಗಿದ ಮೇಲೆ ಕಣ್ಣೊರೆಸಿಕೊಂಡಳು.

"ನನ್ನ ಮಗ ಒಂದ್ ಮಾತೂ ಬಿಟ್ಟಿಲ್ಲ ನೋಡು."

ಹೂಂ ಅಂದೆ.