ಉಳಿದರ್ಧ ಸೊಪ್ಪು

ಪ್ರೀತಿಯ ಅಕ್ಕಾ,

ಹೊಸ ಕಾಲೇಜಿನ ಊರಲ್ಲಿ ನನಗೆ ಯಾರೂ ಸೊಪ್ಪು ಹಾಕುವುದಿಲ್ಲ ಎಂದು ಛೇಡಿಸಬೇಡ. ಮೂಲೆಯಂಗಡಿಯ ತರಕಾರಿಯಮ್ಮ ಹಾಕುತ್ತಾರೆ, ಆದರೆ ಇಡೀ ಕಟ್ಟನ್ನೇ. ಒಬ್ಬನ ಹೊಟ್ಟೆಗೂ ವಿದ್ಯಾರ್ಥಿಯ ಜೇಬಿಗೂ ಅರ್ಧ ಸಾಕೆಂದು ಕೇಳಿದೆ.

"ಉಳಿದರ್ಧ ನಾನೇನು ಮುಡ್ಕೊಳ್ಳಲಾ? ಇನ್ನೊಬ್ಬರನ್ನ ಕರ್ಕೊಂಡ್ ಬಾರಪ್ಪ, ಹಂಚಿಕೊಡ್ತೀನಿ" ಎಂದರು.

ಆ ಇನ್ನೊಬ್ಬರು ಬರಲೆಂದು ಅಲ್ಲೇ ಅರ್ಧ ಗಂಟೆ ನಿಂತೆ. ಬಂದವರೆಲ್ಲ ಎರಡೆರಡು ಕಟ್ಟು ಒಯ್ಯುವ ಸಂಸಾರಸ್ಥರು. ಕೊನೆಗೆ ನಾನೂ ಒಂದು ಕಟ್ಟು ತಂದೆ. ಅರ್ಧ ಬೇಯಿಸಿದೆ, ಉಳಿದರ್ಧ ಲೋಟದ ನೀರಲ್ಲಿ ನಿಂತು ನನ್ನನ್ನೇ ನೋಡುತ್ತಿದೆ.

ನನಗೆ ಗೆಳೆಯರ ದಂಡೇ ಇದೆಯೆಂದು ಅಮ್ಮನಿಗೆ ಬರೆದಿದ್ದೇನೆ, ನೀನು ಬಾಯಿ ಬಿಡಬೇಡ. ಒಂದು ಭಾನುವಾರ ಬಾ. ಏನೂ ತರಬೇಡ, ಅಂಗಡಿಯವರೆಗೆ ಜೊತೆಗೆ ಬಂದರೆ ಸಾಕು.

ಸೊಪ್ಪು ಬಾಡುವುದರೊಳಗೆ ಉತ್ತರ ಬರೆ,
ನಿನ್ನ ತರಲೆ ತಮ್ಮ