ಭಟ್ಟಿ ಬಿಟ್ಟಿದ್ದ ವರ್ಷ

ಅಪ್ಪಾ,

ನೀನಿಲ್ಲ, ಆದರೂ ನಿನಗೇ ಹೇಳಬೇಕು, ಕೂತಲ್ಲಿ ಕೂರಲಾಗುತ್ತಿಲ್ಲ. ಇವತ್ತು ಕ್ಲಾಸಿನಲ್ಲಿ ಮೇಡಂ, ವೀರ್ಯಾಣುಗಳಿಗೆ ಶಾಖ ಆಗಿಬರುವುದಿಲ್ಲ ಎಂದರು.

“ದಿನಾ ಬೇಕರಿ ಭಟ್ಟಿ ಮುಂದೆ ನಿಂತ್ರೆ, ಮ್ಯಾಮ್?” ಎಂದುಬಿಟ್ಟೆ.

“ಯಾಕೋ, ಮದ್ವೆ ಫಿಕ್ಸಾ?” ಹಿಂದಿನ ಬೆಂಚು ನಕ್ಕಿತು.

“ಕಡಿಮೆ ಆಗ್ಬಹುದು. ಕೆಲವು ತಿಂಗಳು ದೂರ ಇದ್ರೆ ಸರಿಹೋಗ್ಲೂಬಹುದು,” ಎಂದರು ಮೇಡಂ.

ನೀನು ಕಾಲು ಮುರಿದುಕೊಂಡು, ಭಟ್ಟಿ ಬಿಟ್ಟು ಮನೆಯಲ್ಲಿದ್ದ ವರ್ಷವೇ ಅಲ್ಲವೇ ಅಮ್ಮ ನನ್ನನ್ನು ಬಸುರಲ್ಲಿ ಹೊತ್ತದ್ದು? ಅದಕ್ಕೂ ಮೊದಲು ವರ್ಷಗಟ್ಟಲೆ ಅಜ್ಜಿ, “ಬಂಜೆ ಬಡಿಸಿದ್ದು ಮೈಗೆ ಹತ್ತಲ್ಲ” ಎಂದು ಚುಚ್ಚುವಾಗ ನೀನು ತಲೆ ತಗ್ಗಿಸಿ ಉಣ್ಣುತ್ತಿದ್ದೆಯಂತೆ. ನಿನಗೆ ಗೊತ್ತಿತ್ತಾ? ಇರಲಿಲ್ಲ ಎಂದುಕೊಳ್ಳುತ್ತೇನೆ.

ಅಮ್ಮನಿಗೆ ಫೋನ್ ಮಾಡಿದೆ. “ತಪ್ಪು ನಿಂದಲ್ಲಮ್ಮಾ” ಎನ್ನಹೊರಟವನು “ಊಟ ಆಯ್ತಾ?” ಎಂದೆ.

“ಇರು ಮಗಾ, ಆಮೇಲೆ ಮಾಡು. ಅಜ್ಜಿಗೆ ತುತ್ತು ಕೊಡ್ತಾ ಇದೀನಿ,” ಎಂದಳು.